ದ್ಯಾಮವ್ವನ ಕೊಡ

ನಾಮಪತ್ರ ಸಲ್ಲಿಸುವವರು ತಮ್ಮ ವಾರ್ಡಿನ ಕೆರೆಯ ನೀರನ್ನು ಒಂದು ಲೋಟ ಕುಡಿಯಬೇಕೆಂಬ ಕಾನೂನು ಬಂದಮೇಲೆ ಏಳನೇ ವಾರ್ಡಿಗೆ ಯಾರೂ ನಿಂತಿರಲಿಲ್ಲ. ಈ ಸಲವೂ ಚುನಾವಣಾಧಿಕಾರಿ ಮುರಗೋಡರು ‘ಅಭ್ಯರ್ಥಿಗಳಿಲ್ಲ’ ಎಂದು ಮೊದಲೇ ಬರೆದಿಟ್ಟು ಊಟಕ್ಕೆ ಏಳುತ್ತಿದ್ದರು. ಅಷ್ಟರಲ್ಲಿ ಪೌರಕಾರ್ಮಿಕೆ ದ್ಯಾಮವ್ವ ಕೆರೆಯ ನೀರು ತುಂಬಿದ ಕೊಡ ಹೊತ್ತು ಒಳಗೆ ಬಂದರು.

“ಯವ್ವಾ, ಅದು ಗಟಾರದ ನೀರು. ಕುಡದ್ರ ದವಾಖಾನಿಗೆ ಹೋಗಬೇಕಾಗ್ತದ,” ಎಂದರು ಮುರಗೋಡರು.

“ಗಟಾರ ಬ್ಯಾರೆ ಕಡೆ ತಿರುವಿ ಐದ್ ವರ್ಷ ಆತ್ರೀ ಸಾಹೇಬ್ರ. ಓಣಿ ಮಂದಿ ಎಲ್ಲಾ ಕೂಡಿ ಹೂಳ ತಗದೀವಿ.”

ದ್ಯಾಮವ್ವ ಲೋಟ ತುಂಬಿ ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಮುರಗೋಡರು ಬರೆದದ್ದನ್ನು ಹೊಡೆದುಹಾಕಿ ಅವರ ಹೆಸರು ಬರೆದುಕೊಂಡರು.

“ಒಂದ್ ಲೋಟಕ್ಕ ಇಷ್ಟ್ ದೊಡ್ಡ ಕೊಡ ಯಾಕವ್ವ?”

“ನನ್ನ ಎದುರು ನಿಲ್ಲಾಕ ಆರ್ ಮಂದಿ ಹೊರಗ ಪಾಳಿ ಹಚ್ಯಾರ್ರಿ. ಅವರಿಗೂ ಬೇಕಲ್ಲ.”