ಪಲ್ಲವಿಯ ಸೂಪು

ಹಂಚಿನ ಮೇಲೆ ಉಬ್ಬುವ ಜೋಳದ ರೊಟ್ಟಿಯ ಘಮ ಮೆಲ್ಬರ್ನಿನ ಆ ಕೆಫೆಯಲ್ಲಿ, ಸುಟ್ಟ ಬ್ರೆಡ್ಡಿನ ವಾಸನೆಯೊಳಗಿಂದ ರತ್ನವ್ವನಿಗೆ ನೆನಪಾಯಿತು. ಚಿಕ್ಕಂದಿನಲ್ಲಿ ಬಿಸಿ ರೊಟ್ಟಿ ಮನೆಯವರೆಲ್ಲರ ತಟ್ಟೆಗೂ ಬೀಳುತ್ತಿತ್ತು. ರೊಟ್ಟಿ ಬಡಿದ ಅವ್ವನಿಗೆ ಮಾತ್ರ ಆರಿದ್ದು ಉಳಿಯುತ್ತಿತ್ತು. ಮಗ-ಸೊಸೆಯ ಜೊತೆ ಪ್ರವಾಸಕ್ಕೆಂದು ಧಾರವಾಡ ಬಿಟ್ಟು ಆರು ದಿನವಾಗಿತ್ತು. ಸಿಡ್ನಿಯಲ್ಲೂ ಇಲ್ಲೂ ಸೊಸೆ ಪಲ್ಲವಿ ಉಂಡದ್ದು ಆರಿದ ಊಟವನ್ನೇ. ಎರಡು ವರ್ಷದ ಮಗ ಅಭಿನವನಿಗೆ ಉಣಿಸಿ, ಬಾಯಿ ಒರೆಸಿ, ಹಾಡಿ ಮಲಗಿಸುವಾಗ ಅವಳು ಒಮ್ಮೆಯೂ ಮುಖ ಗಂಟಿಕ್ಕಿದ್ದಿಲ್ಲ.

ಇವತ್ತು ಆರಿದ ಊಟವೂ ಇರಲಿಲ್ಲ. ಉಳಿದವರದು ಮುಗಿದರೂ ಪಲ್ಲವಿಯ ಸೂಪು ಬಂದಿರಲಿಲ್ಲ. ಬಡಿಸುವ ನರೆಗೂದಲಿನ ಹೆಂಗಸು ಒಮ್ಮೆ ಸೂಪಿನ ಬಟ್ಟಲು ಹಿಡಿದು ಹತ್ತಿರ ಬಂದವಳು, ಪಲ್ಲವಿಯ ಹೆಗಲ ಮೇಲೆ ಅಳುತ್ತಿದ್ದ ಮಗುವನ್ನು ನೋಡಿ ಹಾಗೆಯೇ ತಿರುಗಿ ಹೋಗಿದ್ದಳು.

“ಆಕಿ ಮರ್ತಾಳ ನೋಡು. ಹೋಗಿ ಕೇಳಪಾ ಮಾಂತೇಶಾ,” ಎಂದು ರತ್ನವ್ವ ಮಗನಿಗೆ ಹೇಳಿದಳು.

“ಇರ್ಲಿ ಬಿಡ್ರಿ ಅತ್ತಿ, ಮದ್ಲ ಇಂವಾ ಮಲಗ್ಲಿ,” ಪಲ್ಲವಿ ಮಗುವಿನ ಬೆನ್ನು ತಟ್ಟುತ್ತಲೇ ನಕ್ಕಳು. “ನನ್ನ ಹಸಿವಿ ಇವನಂಗ ಚೀರೂದಿಲ್ಲ.”

ರತ್ನವ್ವ ತಡೆಯಲಾರದೆ ತಾನೇ ಎದ್ದಳು. ಅಷ್ಟರಲ್ಲಿ ಅಭಿನವನ ಅಳು ನಿಂತು, ತಲೆ ಹೆಗಲಿಗೆ ವಾಲಿತು. ಪಲ್ಲವಿ ಅವನನ್ನು ಮೆಲ್ಲಗೆ ತಳ್ಳುಗಾಡಿಯಲ್ಲಿ ಮಲಗಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದ ಆ ಹೆಂಗಸು ಒಳಗೆ ತಿರುಗಿ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ಹೆಜ್ಜೆ ಸಪ್ಪಳವಾಗದಂತೆ ಬಂದು, ಹಬೆಯಾಡುವ ಸೂಪನ್ನೂ ಆಗತಾನೆ ಸುಟ್ಟ ಬ್ರೆಡ್ಡನ್ನೂ ಪಲ್ಲವಿಯ ಮುಂದಿಟ್ಟು, ಅವಳ ಕೈಗೆ ಚಮಚ ಕೊಟ್ಟಳು.