ಹತ್ತಿಯ ಗಡ್ಡ

ಹತ್ತಿಯ ಬಿಳಿ ಗಡ್ಡ ಕಟ್ಟಿಕೊಂಡ ಮಾನ್ಯಾ ಗಲ್ಲುಗಂಬದ ಮೆಟ್ಟಿಲೇರಿದಾಗ, ಎರಡನೇ ಸಾಲಿನಲ್ಲಿದ್ದ ಅಪರ್ಣಾ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದಳು. ಐರ್ಲೆಂಡಿನ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನ ಶಾಲೆಯ ನಾಟಕದಲ್ಲಿ ಒಂಬತ್ತು ವರ್ಷದ ಮಗಳದು, ಗುಲಾಮರನ್ನು ಬಿಡಿಸಲು ಬಂದೂಕು ಹಿಡಿದು ಸಿಕ್ಕಿಬಿದ್ದ ಮುದುಕನ ಪಾತ್ರ.

"ಸಾಯ್ತೀನಿ ಅಂದಮೇಲೆ 'ಬಿಡ್ತು' ಅಂದ್ಬಿಡು ಅಂತ ಬೆಳಿಗ್ಗೆನೇ ಹೇಳಿದೀನಿ ರೀ. 'ನೋ ವೇ, ಅಮ್ಮಾ' ಅಂದ್ಲು."

"ನಾಟಕ ಕಣೇ, ಏನೂ ಆಗಲ್ಲ. ಇಲ್ಲಿಯವರು ಹೇಳೋ ಹಾಗೆ, ಗ್ರ್ಯಾಂಡ್ ಆಗಿರ್ತಾಳೆ ಬಿಡು," ಎಂದು ಮಲ್ಲಿಕಾರ್ಜುನ ನಕ್ಕ.

ಕನ್ನಡ ಅರ್ಥವಾದರೂ ಮಾನ್ಯಾ ಉತ್ತರ ಕೊಡುತ್ತಿದ್ದುದು ಕಾರ್ಕ್ ಮಕ್ಕಳ ಇಂಗ್ಲಿಷಿನಲ್ಲೇ. ಈಗ ಮುದುಕನೂ ಅದರಲ್ಲೇ ಗುಡುಗಿದ: ನಾನು ಸಾಯುತ್ತೇನೆ, ನೀವು ಯಾರಿಗೂ ತಲೆಬಾಗಬೇಡಿ. ಮಾನ್ಯಾಳ ಕಣ್ಣುಗಳು ಸಾಲುಸಾಲಾಗಿ ಹುಡುಕಿ ಅಮ್ಮನ ಮೇಲೆ ನಿಂತವು. ಗಡ್ಡವನ್ನು ಗದ್ದದ ಕೆಳಗೆ ಎಳೆದುಕೊಂಡು, ಕೊನೆಯ ಸಾಲಿಗೂ ಕೇಳುವಂತೆ ಅವಳು "ಬಿಡ್ತು" ಎಂದಳು.

ಗುಲಾಮರಾಗಿದ್ದ ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ತಮ್ಮ ಮುದುಕ ಹೇಳಿದ ಮೇಲೆ ಮುಗಿಯಿತಲ್ಲ, ಹದಿನೆಂಟೂ ಮಕ್ಕಳು ಮುಷ್ಟಿ ಎತ್ತಿ "ಬಿಡ್ತು, ಬಿಡ್ತು" ಎಂದು ಕೂಗತೊಡಗಿದರು. ಅಪರ್ಣಾ ಗಂಡನ ತೋಳು ಬಿಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿದಳು.