ಮಧ್ಯಾಹ್ನ ಮೂರರ ಗೆರೆ

ಕಾಗದದ ಸುರುಳಿ ಬಿಚ್ಚಿದ ವೀರಭದ್ರಯ್ಯ ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಬೆಂಗಳೂರಿನ ಕಾಲೇಜಿನಿಂದ ಬಂದು, ದಂಡಿನಶಿವರದ ಮರುಳಸಿದ್ದಯ್ಯನ ಹಿತ್ತಲಲ್ಲಿ ರಾಗಿ ತುಂಬಿಡುವ ಹಗೇವು ಖಾಲಿ ಮಾಡಿಸಿ, ನೆಲದೊಳಗಿನ ಆ ಗುಂಡಿಗೆ ಅವರು, ನೆಲ ವಾಲುವುದನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಇಳಿಸಿ ಹದಿನೈದು ದಿನವಾಗಿತ್ತು.

“ಸಮುದ್ರದ ಗೆರೆ ಸಣ್ಣಗೆ ಏರಿಳಿದಿದೆ, ಅದು ಸರಿ. ದಿನಾ ಮಧ್ಯಾಹ್ನ ಮೂರಕ್ಕೆ ಹೀಗೆ ನೆಗೆದಿದೆಯಲ್ಲ, ಇದೇನು? ಹತ್ತು ಮಾರಿನ ಒಳಗೆ ಯಾರೂ ಸುಳಿಯಬಾರದು ಅಂದಿದ್ದೆ, ಯಜಮಾನ್ರೇ!”

“ಎಮ್ಮೆ ಹೋಗಿರ್ಬೇಕು ಬುಡಿ,” ಎಂದ ಮರುಳಸಿದ್ದಯ್ಯ.

“ಎಮ್ಮೆ ಗಡಿಯಾರ ನೋಡ್ಕೊಂಡು ಬರುತ್ತಾ?”

ಕಂಬಕ್ಕೊರಗಿದ್ದ ಅವನ ಹೆಂಡತಿ ಗುರುಶಾಂತಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಯಂತ್ರ ಇಳಿಸಿದ ದಿನ ಮೇಷ್ಟ್ರೇ ಹೇಳಿದ್ದರು: ಹಗ್ಗದ ಮಂಚದ ತುದಿಗೆ ಯಾರಾದರೂ ಕೂತರೆ ಮಂಚವೆಲ್ಲ ಆ ಕಡೆ ವಾಲುವಂತೆ, ಮಂಗಳೂರಿನಲ್ಲಿ ಸಮುದ್ರ ಉಬ್ಬಿದಾಗ ಅದರ ಭಾರಕ್ಕೆ ಇಲ್ಲಿನ ನೆಲವೂ ಕೂದಲೆಳೆಗಿಂತ ಕಮ್ಮಿ ವಾಲುತ್ತದೆ, ನೀರು ಇಳಿದರೆ ಮತ್ತೆ ನೆಟ್ಟಗಾಗುತ್ತದೆ. ಅದನ್ನು ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಐವತ್ತೇಳನೇ ಇಸವಿಯಲ್ಲಿ, ಮದುವೆಯಾದ ಹೊಸತರಲ್ಲಿ, ಸಮುದ್ರ ತೋರಿಸಿ ಎಂದು ಗಂಡನನ್ನು ಕೇಳಿದ್ದಳು. ಅಟ್ಟದಲ್ಲಿ ಒಣಗುತ್ತಿರುವ ಕೊಬ್ಬರಿ ಇಳಿಸಿ ಮಾರಿದ ಮೇಲೆ ಎಂದಿದ್ದ. ಇಪ್ಪತ್ತೆರಡು ಸಲ ಕೊಬ್ಬರಿ ಇಳಿಯಿತು, ಇಪ್ಪತ್ತೆರಡು ಸಲವೂ ಹೊಸ ಕಾಯಿ ಅಟ್ಟ ಏರಿತು. ಬರಬರುತ್ತಾ ಅವಳು ಕೇಳುವುದನ್ನು ಬಿಟ್ಟಳು. ಆಸೆಯನ್ನು ಮಾತ್ರ ಬಿಡಲಾಗಲಿಲ್ಲ.

“ನಾನೇ ಕಣ್ರೀ ಮೇಷ್ಟ್ರೇ,” ಎಂದಳು. “ಮುಸುರೆ ತೊಳ್ದು ಹೋಗಿ, ಹಗೇವಿನ ಬಾಯ್ತಾವ ಕೂತ್ಕತಿದ್ದೆ. ಕೆಲ್ಸ ಕೆಟ್ಟೋಯ್ತಾ?”

ಮರುಳಸಿದ್ದಯ್ಯ ಸುರುಳಿ ಎಳೆದುಕೊಂಡು ಒಂದೊಂದೇ ನೆಗೆತದ ಮೇಲೆ ಬೆರಳಿಡುತ್ತಾ ಹೋದ. ಒಂದು ದಿನವೂ ತಪ್ಪಿರಲಿಲ್ಲ.

“ಸೋಮವಾರ ಜ್ವರ ಅಂತ ಮಲಗಿದ್ಯಲ್ಲೇ. ಅವತ್ತೂ ಹೋಗಿದ್ಯಾ? ಅಲ್ಲೇನೈತೆ ಅಂತ?”

ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾವಂತೂ ಸಮುದ್ರದ ತಾವ ಹೋಗ್ಲಿಲ್ಲ. ಪಾಪ, ಅದೇ ಅಷ್ಟು ದೂರದಿಂದ ದಿನಾ ನಮ್ಮನೆಗಂಟ ಬತ್ತೈತೆ. ಬಂದೋರ ಜೊತೆ ಒಂದ್ಗಳಿಗೆ ಕೂತ್ಕಳೋದು ಬ್ಯಾಡ್ವೇನ್ರೀ?”